ಹಕ್ಕಿಯೊಂದು, ಹೆಸರು ಹಲವು

ವಿಜಯದಶಮಿಯಂದು ಪಾಲಪಿಟ್ಟವನ್ನು ಕಂಡರೆ ವರ್ಷವೆಲ್ಲ ಶುಭವೆಂಬುದು ತೆಲಂಗಾಣದ ನಂಬಿಕೆ. ಬೇಗಂಪೇಟೆಯ ಕನ್ನಡಿಗರಾದ ನಮಗೆ ಆ ಹಕ್ಕಿ ಹೊಸದಲ್ಲ. ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠವೇ ತೆಲಂಗಾಣಕ್ಕೂ ರಾಜ್ಯಪಕ್ಷಿ. ಇದರ ಹತ್ತಿರದ ಬಂಧುವೊಂದು ಯೂರೋಪಿನಲ್ಲಿದೆ. ಅದಕ್ಕೆ ಜರ್ಮನ್ ಭಾಷೆಯಲ್ಲಿರುವ ‘ಮಾಂಡೆಲ್‌ಕ್ರೇಎ’ ಎಂಬ ಹಳೆಯ ಹೆಸರಿನ ಇತಿಹಾಸವು ಸ್ವಾರಸ್ಯಕರವಾದುದು.

‘ಕ್ರೇಎ’ ಎಂದರೆ ಕಾಗೆ. ‘ಮಾಂಡೆಲ್’ ಎಂದರೆ ಬಾದಾಮಿ. ಹಾಗಾದರೆ ಇದು ಬಾದಾಮಿ ಕಾಗೆಯೆ? ಅಲ್ಲ. ಇದರ ಮುಖ್ಯ ಆಹಾರ ಮಿಡತೆ, ಜೀರುಂಡೆಗಳು. ಅಲ್ಲಿಯ ರೈತರ ಮಾತಿನಲ್ಲಿ ‘ಮಾಂಡೆಲ್’ ಎಂಬ ಬೇರೊಂದು ಪದವುಂಟು. ಕೊಯ್ದ ಪೈರಿನ ಸುಮಾರು 15 ಸಿವುಡುಗಳನ್ನು ಒಟ್ಟಿಗೆ ನಿಲ್ಲಿಸಿದ ರಾಶಿಗೆ ಆ ಹೆಸರು. ಅದರ ಮೇಲೆ ಕುಳಿತು ಕೀಟಗಳಿಗೆ ಹೊಂಚುಹಾಕುತ್ತಿದ್ದ ಹಕ್ಕಿಯೇ ಮಾಂಡೆಲ್‌ಕ್ರೇಎ ಆಯಿತೆಂಬುದು ಪ್ರಚಲಿತ ವಿವರಣೆ.

ಇನ್ನು ಕಾಗೆಯ ವಿಚಾರ. 1758ರಲ್ಲಿ ಲಿನೇಯಸ್ ನಮ್ಮ ನೀಲಕಂಠವನ್ನೂ ಕಾಗೆಯ ಕುಲಕ್ಕೇ ಸೇರಿಸಿದ್ದನು. ವಸ್ತುತಃ ಇದು ಮಿಂಚುಳ್ಳಿಯ ಬಳಗಕ್ಕೆ ಸೇರಿದುದು. ಯೂರೋಪಿನ ಹಕ್ಕಿಗೆ ಜರ್ಮನರು ಇಂದು ಬಳಸುವ ಹೆಸರು ‘ಬ್ಲೌರಾಕೆ’. ‘ಬ್ಲೌ’ ಎಂದರೆ ನೀಲಿ. ‘ರಾಕೆ’ ಎಂಬುದು ಅದರ ಕರ್ಕಶ ಕೂಗಿನ ಅನುಕರಣೆ.

ನಮ್ಮ ಹೆಸರುಗಳೂ ಹೀಗೆಯೇ. ನೀಲಕಂಠದ ಕಂಠ ನೀಲಿಯಲ್ಲ, ಕಂದು ಛಾಯೆಯದು. ಹಾರುವಾಗ ಬಿಚ್ಚಿಕೊಳ್ಳುವ ರೆಕ್ಕೆಗಳೇ ನೀಲಿ. ಭಕ್ತರ ಕಣ್ಣಿಗೆ ಅದರಲ್ಲಿ ಶಿವನು ಕಂಡನು. ‘ಪಾಲಪಿಟ್ಟ’ವೆಂದರೆ ಹಾಲಿನ ಹಕ್ಕಿ, ತೆಲುಗಿನ ‘ಪಾಲು’, ನಮ್ಮ ‘ಹಾಲು’ ಒಂದೇ ಮೂಲದ ಪದಗಳು. ಇದರ ಗರಿಯನ್ನು ಮೇವಿನಲ್ಲಿ ಬೆರೆಸಿದರೆ ಹಸು ಹೆಚ್ಚು ಹಾಲು ಕೊಡುವುದೆಂದು ಹಿಂದೆ ನಂಬುತ್ತಿದ್ದರು. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ.

ಪೊಟರೆಯುಳ್ಳ ಹಳೆಯ ಮರಗಳು ಉರುಳಿ, ಕೀಟನಾಶಕಗಳಿಂದ ಆಹಾರವೂ ಕ್ಷೀಣಿಸಿ, 1990ರ ದಶಕದಲ್ಲಿ ಜರ್ಮನಿಯ ನೆಲದಲ್ಲಿ ಈ ಹಕ್ಕಿ ಗೂಡುಕಟ್ಟುವುದು ನಿಂತುಹೋಯಿತು. ಹೆಸರು ಮಾತ್ರ ನಿಘಂಟಿನಲ್ಲಿ ಉಳಿಯಿತು. ನಮ್ಮ ನೀಲಕಂಠದ ಸಂಖ್ಯೆಯೂ ಇಳಿಮುಖವಾಗಿದೆಯೆಂದು 2023ರ ಭಾರತೀಯ ಪಕ್ಷಿಗಳ ಸ್ಥಿತಿಗತಿಯ ವರದಿಯು ಎಚ್ಚರಿಸಿದೆ. ಹೀಗಿರುವಾಗ ದಸರೆಯಲ್ಲಿ ಇದನ್ನು ಹಿಡಿದು, ಪಂಜರದಲ್ಲಿಟ್ಟು, ಹಣಕ್ಕೆ ದರ್ಶನ ಮಾಡಿಸುವವರುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದು ಅಪರಾಧ. ಬಂಧನದ ಹಿಂಸೆಯಿಂದ ಎಷ್ಟೋ ಹಕ್ಕಿಗಳು ಸಾಯುತ್ತವೆ.

ಪಂಜರದ ಹಕ್ಕಿಗೆ ನಾವು ಕಾಸು ಕೊಡದಿರೋಣ. ನಗರದ ಹೊರಗಿನ ಹೊಲದಲ್ಲಿ, ತಂತಿಯ ಮೇಲೆ ಅದು ಕುಳಿತಿರುವುದನ್ನು ಮಕ್ಕಳಿಗೆ ತೋರಿಸಿ, ಪಾಲಪಿಟ್ಟವೆಂಬ ಈ ಊರಿನ ಹೆಸರಿನೊಡನೆ ನೀಲಕಂಠವೆಂಬ ನಮ್ಮ ಹೆಸರನ್ನೂ ಹೇಳಿಕೊಡೋಣ.