ಧವಳಾ ಓಲೆಗಳ ಮೇಲಿನ ಚಿತ್ರಗಳು

ಮೂಡಬಿದಿರೆಯ ಸಿದ್ಧಾಂತ ಬಸದಿಯ ಧವಳಾ, ಜಯಧವಳಾ, ಮಹಾಬಂಧ ಓಲೆಪ್ರತಿಗಳು ಕರ್ನಾಟಕದಲ್ಲಿ ಉಳಿದಿರುವ ಅತಿ ಹಳೆಯ ಸಚಿತ್ರ ಗ್ರಂಥಗಳ ಸಾಲಿಗೆ ಸೇರಿದವು. ಇವು 12ನೇ ಶತಮಾನದ ಆರಂಭದವು, ಹೊಯ್ಸಳರ ಕಾಲದವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡದ್ದು.

ದಿಗಂಬರ ಜೈನರಿಗೆ ಇವು ಪರಮಾಗಮ. ಗಿರಿನಾರಿನ ಧರಸೇನಾಚಾರ್ಯರಿಂದ ಕೇಳಿ ತಿಳಿದದ್ದನ್ನು ಪುಷ್ಪದಂತ, ಭೂತಬಲಿ ಎಂಬ ಶಿಷ್ಯರು ‘ಷಟ್ಖಂಡಾಗಮ’ವಾಗಿ ಸೂತ್ರಗಳಲ್ಲಿ ಬರೆದಿಟ್ಟರೆಂಬುದು ಪರಂಪರೆ. ಅದರ ಮೊದಲ ಐದು ಖಂಡಗಳಿಗೆ ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಟೀಕೆಯೇ ಧವಳಾ. ಆರನೆಯ ಖಂಡ ಮಹಾಬಂಧ. ಗುಣಧರಾಚಾರ್ಯರ ‘ಕಷಾಯಪಾಹುಡ’ಕ್ಕೂ ವೀರಸೇನರು ಟೀಕೆ ಆರಂಭಿಸಿದ್ದರು. ಅದು ಜಯಧವಳಾ. ಅವರ ನಂತರ ಶಿಷ್ಯ ಜಿನಸೇನರು 837ರಲ್ಲಿ ಅದನ್ನು ಪೂರೈಸಿದರು. ಸಂಸ್ಕೃತದ ಮಹಾಕಾವ್ಯ ‘ಆದಿಪುರಾಣ’ವನ್ನು ಬರೆದವರೂ ಇದೇ ಜಿನಸೇನರು, 941ರಲ್ಲಿ ಪಂಪ ಕನ್ನಡಕ್ಕೆ ತಂದದ್ದು ಆ ಕಥೆಯನ್ನೇ.

ಆಗಮಕ್ಕೂ ಪುರಾಣಕ್ಕೂ ಇರುವ ಈ ನಂಟು ಚಿತ್ರಗಳ ವಿಷಯದಲ್ಲಿ ಮುಖ್ಯ. ಆಗಮದ ತುಂಬ ಇರುವುದು ಕರ್ಮದ ಬಗೆಗಳು, ಜೀವದ ಗುಣಸ್ಥಾನಗಳು, ಅವುಗಳ ಲೆಕ್ಕ. ಅದರಲ್ಲಿ ಚಿತ್ರ ಬರೆಯಲು ಒದಗುವ ಕಥೆಯೇ ಇಲ್ಲ. ಹಾಗಾಗಿ ಚಿತ್ರಕಾರರು ಎದುರಿನ ಪಠ್ಯವನ್ನು ಬಿಟ್ಟು ಪುರಾಣದ ಕಡೆಗೆ, ಬಸದಿಯ ಗರ್ಭಗುಡಿಯ ಕಡೆಗೆ ತಿರುಗಿದ್ದಾರೆ. ಹೆಡೆಯ ನೆರಳಿನ ಪಾರ್ಶ್ವನಾಥ, ಅವನ ಜೊತೆ ಧರಣೇಂದ್ರ ಮತ್ತು ಪದ್ಮಾವತಿ, ಸಿಂಹಪೀಠದ ಮಹಾವೀರ, ಯಕ್ಷಯಕ್ಷಿಯರು, ಕೈಮುಗಿದ ಭಕ್ತರು. ಇವರ ನಡುವೆ ಬಾಹುಬಲಿಯೂ ಇದ್ದಾನೆ. ಅವನ ಎರಡೂ ಬದಿಯ ಸ್ತ್ರೀಯರನ್ನು ಕಲಾ ಇತಿಹಾಸಕಾರ ಸಿ. ಶಿವರಾಮಮೂರ್ತಿ ಅವನ ತಂಗಿಯರೆಂದು ಗುರುತಿಸಿದ್ದಾರೆ. ಎಲ್ಲೋರದ ಜೈನ ಗುಹೆಗಳಲ್ಲೂ ಕಾಣುವ ಜೋಡಣೆ ಅದು. ಈ ಚಿತ್ರಗಳನ್ನು ಗ್ರಂಥದ ವಿವರಣೆ ಎನ್ನುವುದಕ್ಕಿಂತ ಗ್ರಂಥಕ್ಕೆ ಸಲ್ಲಿಸಿದ ಪೂಜೆ ಎನ್ನುವುದೇ ಸರಿ.

ಬರಹದ ಬಗೆಯೂ ಬೇರೆ. ಕನ್ನಡ ನಾಡಿನ ಓಲೆಗರಿಗಳಲ್ಲಿ ಸಾಮಾನ್ಯವಾಗಿ ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು ಕಾಡಿಗೆ ಒರೆಸುತ್ತಿದ್ದರು. ಕಪ್ಪು ಮಾಸಿದರೆ ಮತ್ತೆ ಒರೆಸಿದರಾಯಿತು, ಗೀರು ಎಲ್ಲಿಯೂ ಹೋಗುವುದಿಲ್ಲ. ಇಲ್ಲಿ ಹಾಗಲ್ಲ, ಅಗಲವಾದ ಶ್ರೀತಾಳೆ ಗರಿಯ ಮೇಲೆ ಮಸಿಯಲ್ಲಿ ಬರೆದಿದ್ದಾರೆ. ಅಕ್ಷರಗಳು ದಪ್ಪ, ದುಂಡು. ಆದರೆ ಗರಿಯ ಮೈ ಸುಲಿದರೆ ಅಕ್ಷರವೂ ಹೋಯಿತು. ಘಟ್ಟದ ಕೆಳಗಿನ ಮೂಡಬಿದಿರೆಯ ಮಳೆಯೇನೂ ಕಡಿಮೆಯದಲ್ಲ. ಇಷ್ಟಾದರೂ ಓಲೆಗಳು ಉಳಿದಿರುವುದು ಸಣ್ಣ ಮಾತಲ್ಲ.

ಅಗಲವೆಂದರೂ ಗರಿ ಕೆಲವೇ ಬೆರಳಷ್ಟು. ಅಷ್ಟರಲ್ಲೇ ದಾರ ಪೋಣಿಸುವ ತೂತನ್ನೂ ಬರಹದ ಸಾಲನ್ನೂ ಬಿಟ್ಟು ಉಳಿದ ಚೌಕದಲ್ಲಿ ಚಿತ್ರ ಕೂರಬೇಕು. ಆಕೃತಿಗಳು ಹೊಯ್ಸಳ ಶಿಲ್ಪದ ಬಂಧುಗಳು: ಒಡವೆ ತೊಟ್ಟ ತುಂಬು ಮೈ, ಎತ್ತರದ ಕಿರೀಟ, ಬಾಗಿದ ನಡು. ಗುಜರಾತಿನ ಜೈನ ಹಸ್ತಪ್ರತಿಗಳಲ್ಲಿ ಮುಖದಿಂದ ಹೊರಚಾಚುವ ಆ ಕಣ್ಣು ಇಲ್ಲಿಲ್ಲ. ಬಣ್ಣ ಸಪಾಟು, ಅದಕ್ಕೆ ಜೀವ ಕೊಡುವುದು ಬಳುಕುವ ರೇಖೆ.

ಬರೆಸಿದವರಲ್ಲಿ ಹೆಂಗಸರ ಹೆಸರು ಎದ್ದು ಕಾಣುತ್ತದೆ. ಧವಳಾ ಪ್ರತಿಯನ್ನು ದೇವಮತಿ ಎಂಬವಳು ಶ್ರುತಪಂಚಮಿಯ ನೋಂಪಿಯ ಉಜ್ಜವಣೆಗೆಂದು ಬರೆಸಿ ಶುಭಚಂದ್ರ ಸಿದ್ಧಾಂತದೇವರಿಗೆ ಕೊಟ್ಟಳು. ಮಹಾಬಂಧವನ್ನು ಮಾಘನಂದಿ ಮುನಿಗಳಿಗೆ ಕೊಟ್ಟವಳು ಮಲ್ಲಿಕಬ್ಬೆ. ಓದಲು ಕಷ್ಟವಾದ ಗ್ರಂಥಕ್ಕೆ ಇಷ್ಟೊಂದು ಅಲಂಕಾರ ಏಕೆಂಬುದಕ್ಕೆ ಉತ್ತರ ಈ ದಾನದಲ್ಲೇ ಇದ್ದೀತು.

ಮುಂದೆ ಶತಮಾನಗಳ ಕಾಲ ಇವು ದರ್ಶನಕ್ಕಷ್ಟೇ ಸಿಗುತ್ತಿದ್ದವು. 19ನೇ ಶತಮಾನದ ಕೊನೆಗೆ ನಕಲು ಮಾಡುವ ಕೆಲಸ ಶುರುವಾಯಿತು. ಹೀರಾಲಾಲ್ ಜೈನ್ ಸಂಪಾದಿಸಿದ ಧವಳಾದ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು. ಒಟ್ಟು 16 ಸಂಪುಟಗಳು ಬಂದವು. ಇಂದಿಗೂ ದಿಗಂಬರ ಜೈನರು ಶ್ರುತಪಂಚಮಿಯೆನಿಸಿದ ಜ್ಯೇಷ್ಠ ಶುದ್ಧ ಪಂಚಮಿಯಂದು, ಷಟ್ಖಂಡಾಗಮ ಮುಗಿದ ದಿನವೆಂದು, ಶಾಸ್ತ್ರಗ್ರಂಥಗಳನ್ನು ಪೂಜಿಸುತ್ತಾರೆ. ದೇವಮತಿ ನೋಂತದ್ದು ಅದೇ ಪಂಚಮಿಯನ್ನು.