ಕುಂಡದಲ್ಲಿ ಅರಳುವ ಶರತ್ಕಾಲ

ಆಶ್ವಯುಜ, ಕಾರ್ತಿಕ ಮಾಸಗಳು ಸೇರಿದ ಕಾಲವೇ ಶರದೃತು. ಮೋಡ ಚದುರಿದ ಆಕಾಶ, ತಿಳಿಯಾದ ಕೊಳ, ಬೆಳುದಿಂಗಳ ರಾತ್ರಿ, ಇವು ನಮ್ಮ ಕವಿಗಳು ಕಂಡ ಶರತ್ಕಾಲದ ಲಕ್ಷಣಗಳು. ಆದರೆ ಪ್ರಕೃತಿ ಎಲ್ಲ ಸೀಮೆಗಳಲ್ಲಿಯೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದ ಬಂಡಳ್ಳಿಯಂತಹ ಊರುಗಳಲ್ಲಿ ಆಷಾಢದ ಮುಂಗಾರು ಕೈಕೊಡುವುದೇ ಹೆಚ್ಚು. ಅಲ್ಲಿಯ ರೈತ ಮುಗಿಲನ್ನು ನಂಬಿ ಕಾಯುವುದು ಉತ್ತರೆ, ಹಸ್ತ, ಚಿತ್ತೆ ಮಳೆಗಳಿಗಾಗಿ. ಬೇರೆಡೆ ಮಳೆ ಹಿಂದೆಗೆಯುವ ಹೊತ್ತಿಗೆ ಕೊಳ್ಳೇಗಾಲ, ಹನೂರುಗಳ ನೆಲ ಹದವಾಗಿ ತೊಯ್ಯುತ್ತದೆ. ಶರತ್ಕಾಲವು ಆ ಸೀಮೆಗೆ ಹಸುರಿನ ಕಾಲ. ಅದರ ಬೆನ್ನಿಗೇ ಬರುವುದು ತಿಂಗಳುಗಟ್ಟಲೆ ಒಣ ಹವೆ.

ಇದೇ ಋತುವಿನಲ್ಲಿ ಹಬ್ಬಗಳ ಸಾಲೂ ಬರುತ್ತದೆ. ನವರಾತ್ರಿ, ಆಯುಧಪೂಜೆ, ವಿಜಯದಶಮಿ, ದೀಪಾವಳಿ ಒಂದಾದ ಮೇಲೊಂದು ಬರುತ್ತವೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ದೀಪಾವಳಿಯ ಜಾತ್ರೆ ನೆರೆಯುತ್ತದೆ. ಪ್ರತಿ ಮನೆಗೂ ಹೂ ಬೇಕು. ಎಲ್ಲರಿಗೂ ಬೇಕಾದಾಗ ಹೂವಿನ ಬೆಲೆ ಏರುವುದು ಸಹಜ. ಹಿತ್ತಿಲು ಉಳ್ಳವರು ನಾಲ್ಕು ಗಿಡ ನೆಟ್ಟುಕೊಂಡಾರು. ಓಣಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆಗಳವರು, ಅಂಗೈಯಗಲದ ಅಂಗಳವೂ ಇಲ್ಲದವರು ಏನು ಮಾಡಬೇಕು? ಚೆಲುವೆಂಬುದು ನೆಲವುಳ್ಳವರ ಸೊತ್ತು ಮಾತ್ರವೇ? ಅಲ್ಲವೆಂದು ತೋರಿಸಿಕೊಡುವ ಸಾಧನವೇ ಹೂಕುಂಡ. ಜಗಲಿಯ ತುದಿ, ಮೆಟ್ಟಿಲಿನ ಮೂಲೆ, ಕಿಟಕಿಯ ಕೆಳಗಿನ ಗೋಡೆ, ಶಾಲೆಯ ಮೊಗಸಾಲೆ, ಬಿಸಿಲು ಬೀಳುವ ಯಾವುದೇ ಚಿಕ್ಕ ಜಾಗದಲ್ಲಿ ಅದು ತೋಟವಾಗಬಲ್ಲದು.

ಕುಂಡದ ಕೃಷಿಗೆ ಮೊದಲು ಬೇಕಾದುದು ಪಾತ್ರೆ. ಅದನ್ನು ಕೊಂಡೇ ತರಬೇಕೆಂಬ ನಿಯಮವಿಲ್ಲ. ತೂತು ಬಿದ್ದ ಬಿಂದಿಗೆ, ಅಂಚು ಮುರಿದ ಮಡಕೆ, ಬರಿದಾದ ಎಣ್ಣೆಯ ಡಬ್ಬ, ಸೀಳಿದ ಬಕೆಟ್ಟು, ಅಂಚು ಮಡಿಸಿದ ಸಿಮೆಂಟಿನ ಚೀಲ, ಇವೆಲ್ಲವೂ ಮಣ್ಣು ಹಿಡಿಯಬಲ್ಲವು. ಆದರೆ ಒಂದು ಎಚ್ಚರಿಕೆ ಅತ್ಯವಶ್ಯಕ. ಕೀಟನಾಶಕ ಅಥವಾ ಕಳೆನಾಶಕ ತುಂಬಿದ್ದ ಡಬ್ಬಗಳನ್ನು ಎಷ್ಟು ತೊಳೆದರೂ ಈ ಕೆಲಸಕ್ಕೆ ಬಳಸಲಾಗದು. ವಿಷದ ಶೇಷವು ಮಣ್ಣಿಗೆ ಸೇರುತ್ತದೆ, ಮಣ್ಣನ್ನು ಬೆರೆಸುವ ಕೈಗೂ ತಾಗುತ್ತದೆ. ಉಳಿತಾಯವು ಆರೋಗ್ಯಕ್ಕೆ ಕುಂದು ತರುವುದಾದರೆ ಅದು ಉಳಿತಾಯವೆನಿಸದು.

ಪಾತ್ರೆಯ ಗುಣವನ್ನು ಅರಿತು ಆರಿಸುವುದೂ ಜಾಣತನ. ಸುಟ್ಟ ಮಣ್ಣಿನ ಕುಂಡದ ಗೋಡೆಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಅವುಗಳ ಮೂಲಕ ನೀರು ಆವಿಯಾಗಿ ಹೊರಬೀಳುವುದರಿಂದ ಬೇರು ತಂಪಾಗಿರುತ್ತದೆ. ಮಳೆಯ ದಿನಗಳಲ್ಲಿ ಹೆಚ್ಚಿನ ತೇವವೂ ಬೇಗ ಆರುತ್ತದೆ. ಪ್ಲಾಸ್ಟಿಕ್ಕಿನ ಪಾತ್ರೆಯಲ್ಲಿ ಈ ಸೌಕರ್ಯವಿಲ್ಲ. ಆದರೆ ನೀರಿಗೆ ಬರವಿರುವ ಬೇಸಗೆಯಲ್ಲಿ ಆ ದೋಷವೇ ಗುಣವಾಗಿ, ತೇವವನ್ನು ಹೆಚ್ಚು ಕಾಲ ಹಿಡಿದಿಡುತ್ತದೆ. ನೋಟಕ್ಕೆ ಹೊಂದದ ಡಬ್ಬಕ್ಕೆ ಸುಣ್ಣವನ್ನೋ ಕೆಮ್ಮಣ್ಣನ್ನೋ ಬಳಿಯಬಹುದು. ಬೆತ್ತದ ಅಥವಾ ಬಿದಿರಿನ ಹಳೆಯ ಕುಕ್ಕೆಯೊಳಗೆ ಡಬ್ಬವನ್ನಿಟ್ಟರೆ ಕುರೂಪವು ಮರೆಯಾಗುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕಾಡನ್ನು ಮುತ್ತಿರುವ ಲಂಟಾನದ ಕಡ್ಡಿಗಳನ್ನು ಬೇಯಿಸಿ, ಸಿಪ್ಪೆ ಸುಲಿದು, ಪೀಠೋಪಕರಣಗಳನ್ನು ರಚಿಸುವ ಕುಶಲತೆಯನ್ನು ಕಲಿತಿದ್ದಾರೆ. ಕಳೆಯೆಂದು ಬಿಸುಟ ವಸ್ತುವೂ ಕೈಚಳಕದಿಂದ ಬೆಲೆ ಪಡೆಯುತ್ತದೆಂಬುದಕ್ಕೆ ಇದೊಂದು ಉದಾಹರಣೆ.

ಯಾವ ಪಾತ್ರೆಯಾದರೂ ಅದರ ತಳದಲ್ಲಿ ನೀರು ಹರಿದುಹೋಗಲು ಮೂರು ನಾಲ್ಕು ರಂಧ್ರಗಳಿರಬೇಕು. ಬೇರಿಗೆ ನೀರಿನಂತೆಯೇ ಗಾಳಿಯೂ ಬೇಕು. ನೀರು ನಿಂತರೆ ಗಾಳಿಯಿಲ್ಲದೆ ಬೇರು ಕೊಳೆಯುತ್ತದೆ. ರಂಧ್ರದಿಂದ ಮಣ್ಣು ಜಾರದಂತೆ ಮಡಕೆಯ ಒಂದು ಚೂರನ್ನು ಬೋರಲಾಗಿ ಇಟ್ಟರೆ ಸಾಕು. ತಳದಲ್ಲಿ ದಪ್ಪನಾಗಿ ಜಲ್ಲಿ ಹರಡಿದರೆ ನೀರು ಚೆನ್ನಾಗಿ ಬಸಿಯುತ್ತದೆಂಬ ನಂಬಿಕೆ ಬಹಳ ಕಾಲದಿಂದ ರೂಢಿಯಲ್ಲಿದೆ, ಅದು ಸರಿಯಲ್ಲ. ಇದನ್ನು ಒಂದು ಸ್ಪಂಜಿನ ತುಂಡಿನಿಂದ ಪರೀಕ್ಷಿಸಬಹುದು. ಸ್ಪಂಜನ್ನು ನೀರಿನಲ್ಲಿ ನೆನೆಸಿ, ಅಡ್ಡಲಾಗಿ ಹಿಡಿದು, ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಬೇಕು. ಬಳಿಕ ಅದನ್ನೇ ನೆಟ್ಟಗೆ ನಿಲ್ಲಿಸಿ ಹಿಡಿದರೆ ಮತ್ತಷ್ಟು ನೀರು ಇಳಿಯುತ್ತದೆ. ಸ್ಪಂಜಿನಂತೆಯೇ ಮಣ್ಣೂ ತನ್ನ ಕೆಳಭಾಗದ ಒಂದಿಷ್ಟು ಎತ್ತರದಲ್ಲಿ ನೀರನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಮಣ್ಣಿನ ಕಂಬ ಎತ್ತರವಾದಷ್ಟೂ ಗಾಳಿಯಾಡುವ ಭಾಗ ಹೆಚ್ಚು. ಜಲ್ಲಿ ಹಾಕಿದರೆ ಮಣ್ಣಿನ ಎತ್ತರ ಕಡಿಮೆಯಾಗಿ, ಕೆಸರಿನ ಭಾಗ ಬೇರಿಗೆ ಇನ್ನೂ ಹತ್ತಿರವಾಗುತ್ತದೆ. ಆದುದರಿಂದ ಜಲ್ಲಿಗೆ ಪಡುವ ಶ್ರಮವನ್ನು ಮಣ್ಣಿನ ಹದಕ್ಕೆ ವಿನಿಯೋಗಿಸುವುದೇ ಲೇಸು.

ಮಣ್ಣಿನ ಹದವೆಂದರೇನು? ಹೊಲದ ಮಣ್ಣನ್ನು ಇದ್ದಂತೆಯೇ ಕುಂಡಕ್ಕೆ ತುಂಬಿದರೆ ನಾಲ್ಕು ಬಾರಿ ನೀರು ಹಾಕುವಷ್ಟರಲ್ಲಿ ಅದು ಗಟ್ಟಿಯಾಗಿ ಇಟ್ಟಿಗೆಯಂತಾಗುತ್ತದೆ. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇವನ್ನು ಸಮಪಾಲಾಗಿ ಬೆರೆಸುವುದು ಹಿಂದಿನಿಂದ ಬಂದ ಪದ್ಧತಿ. ಈಗ ಮರಳು ದುಬಾರಿ. ಹೊಳೆಯ ಒಡಲನ್ನು ಅಗೆದು ಅದನ್ನು ತರುವುದು ಹೊಳೆಗೂ ಹಾನಿ. ಮರಳಿನ ಬದಲು ತೆಂಗಿನ ನಾರಿನ ಹುಡಿಯನ್ನು ಎರಡು ಮೂರು ಸಲ ನೀರಿನಲ್ಲಿ ತೊಳೆದು, ಉಪ್ಪಿನಂಶ ಕಳೆದು ಬಳಸಬಹುದು. ಅದು ಮಣ್ಣನ್ನು ಹಗುರಗೊಳಿಸುತ್ತದೆ, ತೇವವನ್ನೂ ಕಾಪಾಡುತ್ತದೆ. ಅಡಿಗೆಮನೆಯ ತರಕಾರಿ ಸಿಪ್ಪೆ, ಒಣಗಿದ ಎಲೆ, ಸಗಣಿ ಇವನ್ನು ತಿಪ್ಪೆಯಲ್ಲಿ ಕೊಳೆಯಿಸಿದರೆ ಗೊಬ್ಬರಕ್ಕೆ ಹಣ ತೆರಬೇಕಾಗಿಲ್ಲ. ಆದರೆ ಕಳಿಯದ ಹಸಿ ಗೊಬ್ಬರ ಬೇರನ್ನು ಸುಡುತ್ತದೆ. ಗೊಬ್ಬರವು ವಾಸನೆ ಕಳೆದುಕೊಂಡು ಮಣ್ಣಿನಂತೆ ಉದುರುವವರೆಗೆ ಕಾಯುವ ತಾಳ್ಮೆ ಬೇಕು.

ಇನ್ನು ಗಿಡಗಳ ವಿಚಾರ. ಶರತ್ಕಾಲದ ಹೂಗಳಲ್ಲಿ ಅಗ್ಗವಾದುದೂ ನಂಬಿಕೆಗೆ ಅರ್ಹವಾದುದೂ ಚೆಂಡುಹೂ. ಮೆಕ್ಸಿಕೊ ಇದರ ತವರು; ಅಲ್ಲಿಯ ಜನ ನವೆಂಬರ್ ತಿಂಗಳ ಮೊದಲ ದಿನಗಳಲ್ಲಿ ಗತಿಸಿದ ಹಿರಿಯರನ್ನು ನೆನೆಯುವಾಗ ಈ ಹೂವನ್ನೇ ಹರಡುತ್ತಾರೆ. ಇಂದು ಅದು ಚಾಮರಾಜನಗರ, ಗುಂಡ್ಲುಪೇಟೆಗಳ ಹೊಲಗಳಲ್ಲಿ ಎಕರೆಗಟ್ಟಲೆ ಬೆಳೆಯುತ್ತದೆ. ಬೀಜ ಬಿತ್ತಿದ ಸುಮಾರು ಎರಡು ತಿಂಗಳಿಗೆ ಹೂ ಕಾಣುವುದರಿಂದ, ದಸರೆಗೆ ಹೂ ಬೇಕೆಂದರೆ ಶ್ರಾವಣದಲ್ಲಿಯೇ ಬಿತ್ತಬೇಕು. ಕೋಳಿಜುಟ್ಟು, ಗೌರಿಹೂ, ನಿತ್ಯಪುಷ್ಪ ಇವೂ ಬೀಜದಿಂದ ಸುಲಭವಾಗಿ ಬರುತ್ತವೆ. ನಿತ್ಯಪುಷ್ಪವು ಒಣ ಹವೆಗೆ ಅಂಜದ ಗಿಡ. ಅದರಿಂದ ಬೇರ್ಪಡಿಸಿದ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎಂಬ ದ್ರವ್ಯಗಳು ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬಳಕೆಯಾಗುತ್ತವೆ. ಆದರೆ ಗಿಡವು ವಿಷಯುಕ್ತವಾದುದರಿಂದ ಅದನ್ನು ತಿನ್ನಬಾರದು. ದೊಡ್ಡಪತ್ರೆ, ಕೋಲಿಯಸ್, ಟೇಬಲ್ ರೋಸ್ ಇವುಗಳಿಗೆ ಬೀಜವೂ ಬೇಡ. ನೆರೆಮನೆಯಿಂದ ತಂದ ಗೇಣುದ್ದದ ಕಡ್ಡಿ ಊರಿದರೆ ಕೆಲವೇ ದಿನಗಳಲ್ಲಿ ಬೇರು ಬಿಡುತ್ತದೆ.

ಶರತ್ಕಾಲದ ಸೊಬಗನ್ನು ಪೂರ್ಣಗೊಳಿಸುವುದು ಸೇವಂತಿಗೆ. ಚೀನ ದೇಶದಲ್ಲಿ ಸಾವಿರಾರು ವರ್ಷಗಳಿಂದ ಕೃಷಿಯಲ್ಲಿರುವ ಈ ಗಿಡ ಬೇಸಗೆಯಲ್ಲಿ ಎಷ್ಟು ಪೋಷಿಸಿದರೂ ಬರಿಯ ಎಲೆಯನ್ನೇ ಬಿಡುತ್ತದೆ. ಇದಕ್ಕೆ ಕಾರಣವೇನು? ಹಗಲು ಇರುಳುಗಳ ಅಳತೆಗೂ ಹೂ ಬಿಡುವುದಕ್ಕೂ ಸಂಬಂಧ ಉಂಟೆಂದು 1920ರಲ್ಲಿ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ಇಂತಹ ಗಿಡಗಳು ನಿಜವಾಗಿ ಅಳೆಯುವುದು ಹಗಲನ್ನಲ್ಲ, ಅಖಂಡವಾದ ಕತ್ತಲೆಯನ್ನು ಎಂಬುದು ಮುಂದಿನ ಪ್ರಯೋಗಗಳಿಂದ ತಿಳಿಯಿತು. ಬಂಡಳ್ಳಿಯ ಸೀಮೆಯಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಅಷ್ಟು ಸಣ್ಣ ವ್ಯತ್ಯಾಸವನ್ನೂ ಸೇವಂತಿಗೆ ಗುರುತಿಸಿ, ಇರುಳು ಬೆಳೆದಂತೆ ಮೊಗ್ಗು ಕಟ್ಟುತ್ತದೆ. ಈ ತತ್ತ್ವವನ್ನು ಅರಿತ ಬೆಂಗಳೂರಿನ ಸುತ್ತಲಿನ ಜಿಲ್ಲೆಗಳ ಬೆಳೆಗಾರರು ಸೇವಂತಿಗೆಯ ಹೊಲದಲ್ಲಿ ರಾತ್ರಿ ವಿದ್ಯುದ್ದೀಪ ಉರಿಸಿ, ಹೂ ಬಿಡುವ ಕಾಲವನ್ನು ಮುಂದೂಡುತ್ತಾರೆ. ಕುಂಡ ಬೆಳೆಸುವವರು ಇದರಿಂದ ಕಲಿಯಬೇಕಾದ ಪಾಠ ಸರಳವಾದುದು: ಸೇವಂತಿಗೆಯ ಕುಂಡವನ್ನು ಬೀದಿದೀಪದ ಅಡಿಯಲ್ಲಿ ಇಡಬಾರದು.

ಸಸಿ ಗೇಣುದ್ದ ಬೆಳೆದಾಗ ಅದರ ತುದಿಕುಡಿಯನ್ನು ಚಿವುಟುವುದು ಇನ್ನೊಂದು ಮುಖ್ಯ ಕ್ರಮ. ತುದಿಯಲ್ಲಿ ಹುಟ್ಟುವ ಒಂದು ರಸವು ಪಕ್ಕದ ಮೊಗ್ಗುಗಳನ್ನು ಅಡಗಿಸಿಟ್ಟಿರುತ್ತದೆ. ತುದಿ ಹೋದೊಡನೆ ಅವು ಚಿಗುರಿ, ಒಂಟಿ ಕಾಂಡದ ಗಿಡ ಪೊದೆಯಾಗುತ್ತದೆ. ಒಂದು ಹೂವಿನ ಆಸೆಯನ್ನು ಬಿಟ್ಟವನಿಗೆ ಹತ್ತು ಹೂ ದೊರೆಯುತ್ತವೆ.

ಗಿಡಗಳನ್ನು ಕೂಡಿಸುವಲ್ಲಿಯೂ ಒಂದು ಕ್ರಮವಿದೆ. ದೊಡ್ಡ ಕುಂಡವಾದರೆ ಹಿಂಬದಿಗೆ ಎತ್ತರವಾಗಿ ನಿಲ್ಲುವ ಕೋಳಿಜುಟ್ಟು, ನಡುವೆ ತುಂಬಿಕೊಳ್ಳುವ ಗಿಡ್ಡ ಜಾತಿಯ ಚೆಂಡುಹೂ, ಅಂಚಿನಲ್ಲಿ ಕೆಳಗಿಳಿದು ಹರಡುವ ಟೇಬಲ್ ರೋಸ್ ನೆಟ್ಟರೆ ಬರಿಗಣ್ಣಿಗೆ ಪಾತ್ರೆಯೇ ಕಾಣಿಸದು. ಅವು ಮೂರೂ ಬಿಸಿಲನ್ನು ಬಯಸುವಂತಹವು. ನೆರಳು ಕೇಳುವ ಗಿಡವನ್ನು ಬಿಸಿಲು ಕೇಳುವ ಗಿಡದೊಡನೆ ನೆಟ್ಟರೆ ಎರಡರಲ್ಲಿ ಒಂದು ಸೊರಗುವುದು ಖಂಡಿತ. ಬಣ್ಣಗಳಲ್ಲಿ ಮಿತಿಯಿರಲಿ. ನೇರಳೆ ಎಲೆಯ ಕೋಲಿಯಸ್ಸಿನ ಪಕ್ಕದಲ್ಲಿ ಹಳದಿ ಹೂ ಎರಡು ಪಟ್ಟು ಹೊಳೆಯುತ್ತದೆ. ಎಲ್ಲ ಬಣ್ಣಗಳನ್ನೂ ಒಟ್ಟುಗೂಡಿಸಿದರೆ ಯಾವುದೂ ಕಣ್ಣಿಗೆ ನಿಲ್ಲದು. ಚಿಕ್ಕ ಡಬ್ಬಗಳಾದರೆ ಒಂದೊಂದರಲ್ಲಿ ಒಂದೇ ಗಿಡವಿರಿಸಿ, ಮೆಟ್ಟಿಲಿನಂತೆ ಏರಿಳಿತವಾಗಿ ಗುಂಪುಗೂಡಿಸಬಹುದು.

ಮಳೆ ಕಡಿಮೆಯಾದ ನಾಡಿನಲ್ಲಿ ಹೂವಿಗೆ ನೀರು ಸುರಿಯುವುದು ಸರಿಯೇ ಎಂಬ ಪ್ರಶ್ನೆ ಏಳಬಹುದು. ಅದು ನ್ಯಾಯವಾದ ಪ್ರಶ್ನೆ. ಕೊಡ ಹೊತ್ತು ತಂದ ಕುಡಿಯುವ ನೀರನ್ನು ಕುಂಡಕ್ಕೆ ಹಾಕಬೇಕಾಗಿಲ್ಲ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ದಿನವೂ ಚೆಲ್ಲಿಹೋಗುತ್ತದೆ. ಕೆಲವು ಕುಂಡಗಳಿಗೆ ಅದೇ ಸಾಕು. ಬೆರಳನ್ನು ಒಂದು ಅಂಗುಲ ಆಳಕ್ಕೆ ಊರಿ, ಒಣಗಿದೆಯೆಂದು ಕಂಡಾಗ ಮಾತ್ರ ನೀರೆರೆಯಬೇಕು. ಮಣ್ಣಿನ ಮೇಲೆ ಒಣ ಎಲೆ ಹೊದಿಸಿದರೆ ತೇವ ಉಳಿಯುತ್ತದೆ. ಕುಂಡದ ಅಡಿಯ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ ಉಜ್ಜಿ ತೊಳೆಯದಿದ್ದರೆ, ಡೆಂಗ್ಯೂ ಹರಡುವ ಸೊಳ್ಳೆಗೆ ಅದೇ ತೊಟ್ಟಿಲಾಗುತ್ತದೆ.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ಕ್ರುಂಬಿಗಲ್ ಎಂಬ ಉದ್ಯಾನತಜ್ಞರು ಬೆಂಗಳೂರಿನ ಬೀದಿಗಳಲ್ಲಿ ಬೇರೆ ಬೇರೆ ಕಾಲದಲ್ಲಿ ಹೂ ಬಿಡುವ ಮರಗಳನ್ನು ನೆಡಿಸಿ, ವರ್ಷದ ಯಾವ ತಿಂಗಳಲ್ಲಿಯೂ ನಗರ ಹೂವಿಲ್ಲದೆ ಇರದಂತೆ ಯೋಜಿಸಿದರು. ಮೈಸೂರಿನ ಕುಪ್ಪಣ್ಣ ಉದ್ಯಾನದಲ್ಲಿ ದಸರೆಯ ಸಮಯದಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದಲ್ಲಿ ಸಾಲುಸಾಲಾಗಿ ಜೋಡಿಸಿದ ಕುಂಡಗಳನ್ನು ಕಾಣಬಹುದು. ಆ ವೈಭವದ ಹಿಂದಿರುವ ತತ್ತ್ವವೂ ಬಡವನ ಜಗಲಿಯ ಕುಂಡದ ತತ್ತ್ವವೂ ಒಂದೇ: ಕಾಲವನ್ನು ಮುಂಚಿತವಾಗಿ ಎಣಿಸಿ ಬಿತ್ತುವುದು. ಚೆಂಡುಹೂ ಮುಗಿಯುವ ವೇಳೆಗೆ ಸೇವಂತಿಗೆ, ಅದು ಬಾಡುವ ವೇಳೆಗೆ ನಿತ್ಯಪುಷ್ಪ ಎಂದು ಗೊತ್ತುಮಾಡಿಕೊಂಡರೆ ಶರತ್ಕಾಲದ ಸಂತೋಷ ಶಿಶಿರಕ್ಕೂ ಸಾಗುತ್ತದೆ.

ಕಾಡಿನ ಅಂಚಿನಲ್ಲಿರುವ ಊರುಗಳವರಿಗೆ ಇನ್ನೊಂದು ಹೊಣೆಯಿದೆ. ಇಂದು ಮಲೆ ಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟಗಳ ಕಾಡನ್ನು ಕವಿದು, ಹುಲ್ಲನ್ನೂ ಎಳೆಯ ಮರಗಳನ್ನೂ ಅಡಗಿಸುತ್ತಿರುವ ಲಂಟಾನವು ಮೂಲತಃ ಅಮೆರಿಕ ಖಂಡದ ಗಿಡ. 19ನೆಯ ಶತಮಾನದ ಆರಂಭದಲ್ಲಿ ಅದು ಚೆಲುವಾದ ಹೂಗಿಡವೆಂದೇ ಭಾರತದ ಉದ್ಯಾನಗಳಿಗೆ ಬಂದಿತು. ತೋಟದಲ್ಲಿ ಅಲಂಕಾರವಾಗಿದ್ದುದು ಬೇಲಿ ದಾಟಿ ಕಾಡಿಗೆ ಕಂಟಕವಾಯಿತು. ಆದಕಾರಣ ಗುರುತಿಲ್ಲದ ಹೊಸ ಗಿಡಗಳನ್ನು ಚೆಲುವೆಂಬ ಒಂದೇ ಕಾರಣಕ್ಕೆ ತರುವುದಾಗಲಿ, ಬೇಡವಾದ ಗಿಡವನ್ನು ಹಳ್ಳಕೊಳ್ಳಗಳಿಗೆ ಎಸೆಯುವುದಾಗಲಿ ತರವಲ್ಲ. ಪಾತ್ರೆಗೆ ಅಂಚಿರುವಂತೆ ಸೌಂದರ್ಯದ ಬಯಕೆಗೂ ಒಂದು ಅಂಚಿರಬೇಕು.

ಹೂಗಳು ಬಾಡಿದ ಮೇಲೂ ಕೆಲಸ ಮುಗಿಯುವುದಿಲ್ಲ. ನಾಟಿ ತಳಿಯ ಚೆಂಡುಹೂವನ್ನು ಗಿಡದಲ್ಲಿಯೇ ಒಣಗಲು ಬಿಟ್ಟು, ಬಾಲವುಳ್ಳ ಕಪ್ಪು ಬೀಜಗಳನ್ನು ಬಿಡಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿಡಬೇಕು. ಸಂಕರ ತಳಿಯ ಬೀಜ ಮರುವರ್ಷ ತಾಯಿಗಿಡವನ್ನು ಹೋಲುವುದಿಲ್ಲವಾದ್ದರಿಂದ ನಾಟಿ ತಳಿಯೇ ಮೇಲು. ಸೇವಂತಿಗೆಯ ಒಣಗಿದ ಕಾಂಡವನ್ನು ಕತ್ತರಿಸಿದರೆ ಬುಡದಿಂದ ಮರಿಗಳು ಹೊಮ್ಮುತ್ತವೆ. ಅವನ್ನು ಬೇರುಸಹಿತ ಬಿಡಿಸಿ ನೆಟ್ಟರೆ ಒಂದು ಕುಂಡ ಐದಾರು ಕುಂಡಗಳಾಗುತ್ತದೆ. ಮನೆಗೆ ಎರಡನ್ನು ಉಳಿಸಿಕೊಂಡು ಮಿಕ್ಕವನ್ನು ನೆರೆಹೊರೆಗೆ ಹಂಚಿದರೆ, ಬರುವ ಆಶ್ವಯುಜದಲ್ಲಿ ಓಣಿಯ ಪ್ರತಿ ಬಾಗಿಲಿನಲ್ಲಿಯೂ ಹೂ ಇರುತ್ತದೆ; ಯಾರೂ ಅದಕ್ಕಾಗಿ ಸಾಲ ಮಾಡಿರುವುದಿಲ್ಲ.