ಕೆಡೆಟ್‌ಗಳ ಕೈಯಲ್ಲಿದ್ದ ತ್ರೀ ನಾಟ್ ತ್ರೀ

ಹೃದಯನಾಥ ಕುಂಜ್ರು ಸಮಿತಿಯ ಶಿಫಾರಸಿನಂತೆ 1948ರ ಕಾಯ್ದೆಯ ಮೂಲಕ ರೂಪುಗೊಂಡ ರಾಷ್ಟ್ರೀಯ ಕೆಡೆಟ್ ದಳ, ಅಂದರೆ ಎನ್‌ಸಿಸಿ, ಶಾಲಾ ಕಾಲೇಜುಗಳ ಮೈದಾನಕ್ಕೆ ಕವಾಯತಿನ ಜತೆಗೆ ಸೇನೆಯ ಬಂದೂಕನ್ನೂ ತಂದಿತು. ಚೀನಾ ಯುದ್ಧದ ಬಳಿಕ 1963ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಕಡ್ಡಾಯವಾದ ಈ ತರಬೇತಿ 1968ರಲ್ಲಿ ಮತ್ತೆ ಐಚ್ಛಿಕವಾಯಿತು.

ಆ ಪೀಳಿಗೆ ಹೊತ್ತ, ಸುಮಾರು 4 ಕಿಲೋ ತೂಗುವ ಲೀ-ಎನ್‌ಫೀಲ್ಡ್ ರೈಫಲ್‌ಗೆ ‘ತ್ರೀ ನಾಟ್ ತ್ರೀ’ ಎಂಬ ಹೆಸರು ಬಂದದ್ದು ಅದರ ನಳಿಗೆಯ ಒಳವ್ಯಾಸ .303 ಅಂಗುಲ, ಎಂದರೆ ಸುಮಾರು 7.7 ಮಿ.ಮೀ. ಇದ್ದುದರಿಂದ. ಬಂಗಾಳದ ಇಛಾಪುರ ಕಾರ್ಖಾನೆಯಲ್ಲೂ ಅದು ತಯಾರಾಗುತ್ತಿತ್ತು. ಬೋಲ್ಟ್ ಎಂಬ ಉಕ್ಕಿನ ಅಗುಳಿಯನ್ನು ಮೇಲೆತ್ತಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಗೆ ಚಿಮ್ಮಿ, ಮುಂದಕ್ಕೆ ತಳ್ಳಿದರೆ ಹತ್ತು ತೋಟಾ ಹಿಡಿಯುವ ಮ್ಯಾಗಜಿನ್‌ನಿಂದ ಮತ್ತೊಂದು ತೋಟಾ ನಳಿಗೆಯ ಬುಡ ಸೇರುತ್ತಿತ್ತು. ಅದರ ಹಿಂದೊದೆತ ಎಳೆಯ ಭುಜಗಳಿಗೆ ಜೋರಾದುದರಿಂದ ಗುರಿಯಭ್ಯಾಸಕ್ಕೆ ಹಗುರವಾದ .22 ರೈಫಲ್ ಹೆಚ್ಚು ಒಗ್ಗಿತು.

ಗುಂಡು ಹಾರಿಸುವುದಕ್ಕಿಂತ ಬಂದೂಕಿನ ಆರೈಕೆಯೇ ಈ ಶಿಕ್ಷಣದ ಹೆಚ್ಚು ಬೆಲೆಯುಳ್ಳ ಭಾಗವೆನ್ನಬೇಕು. ಮರದ ಹಿಡಿಯ ತುದಿಯಲ್ಲಿನ ಹಿತ್ತಾಳೆ ಮುಚ್ಚಳದೊಳಗೆ ಎಣ್ಣೆಯ ಪುಟ್ಟ ಶೀಷೆಯೂ ಪುಲ್‌ಥ್ರೂ ಎಂಬ ತೂಕಕಟ್ಟಿದ ಹುರಿಯೂ ಇರುತ್ತಿದ್ದವು. ಆ ಹುರಿಗೆ ಚಿಂದಿ ಸಿಕ್ಕಿಸಿ ನಳಿಗೆಯೊಳಗಿಂದ ಎಳೆದು, ಮಸಿಯೆಲ್ಲ ಹೋದ ಮೇಲೆಯೇ ಕೆಡೆಟ್ ಬಂದೂಕನ್ನು ಶಸ್ತ್ರಾಗಾರಕ್ಕೆ ಒಪ್ಪಿಸಬೇಕಿತ್ತು. 1960ರ ದಶಕದಲ್ಲಿ ಸೇನೆ 7.62 ಮಿ.ಮೀ. ಸ್ವಯಂಭರ್ತಿ ರೈಫಲ್‌ಗೆ ಹೊರಳಿದ ಮೇಲೂ ಈ ಹಳೆಯ ಬಂದೂಕು ಪೊಲೀಸರ ಮತ್ತು ಕೆಡೆಟ್‌ಗಳ ಕೈಯಲ್ಲಿ ದಶಕಗಳ ಕಾಲ ಉಳಿಯಿತು.